ಗರಗಸ ನಿಂತ ಮೇಲೆ

ಮೊನ್ನೆ ಕಳಚಿಟ್ಟ ಅಂಗಿಯಲ್ಲಿ ಪ್ಲೈವುಡ್ ಪುಡಿಯ ವಾಸನೆ ಇನ್ನೂ ಹೋಗಿಲ್ಲ. ಒಗೆಯಲು ಹಾಕೋಣವೆಂದು ಎರಡು ಸಲ ಎತ್ತಿಕೊಂಡೆ, ಎರಡು ಸಲವೂ ಮತ್ತೆ ಕುರ್ಚಿಯ ಮೇಲೇ ಬಿಟ್ಟೆ. ಮರ, ಅಂಟು, ಸ್ವಲ್ಪ ಸುಟ್ಟ ಹಾಗಿನ ಘಾಟು... ನನ್ನ ಮಟ್ಟಿಗೆ ಅದು ಮೇಡಮ್ ಅವರ ಕೋಣೆಯ ವಾಸನೆ.

ಅವರು ಆಪ್ತಸಮಾಲೋಚಕಿ. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ ಬಡಾವಣೆಯಲ್ಲಿ ಒಂದು ಪ್ಲೈವುಡ್ ಅಂಗಡಿಯ ಮಹಡಿಯಲ್ಲಿ ಕೂರುತ್ತಿದ್ದರು. ನನ್ನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು, ನನಗೆ ನಿದ್ದೆಯೇ ಇರಲಿಲ್ಲ. ನಮ್ಮ ಡಾಕ್ಟರು ಮಾತ್ರೆಯ ಬದಲು ಅವರ ವಿಳಾಸ ಬರೆದುಕೊಟ್ಟರು. ಗುರುವಾರ ಸಂಜೆ ನಾಲ್ಕಕ್ಕೆ ಹೋಗುತ್ತಿದ್ದೆ. ಮೆಟ್ಟಿಲು ಅಂಗಡಿಯ ಪಕ್ಕದ ಸಂದಿಯಲ್ಲಿತ್ತು. ಯಾರಾದರೂ ಗುರುತು ಹಿಡಿದಾರೆಂದು ಹೆಲ್ಮೆಟ್ ತೆಗೆಯದೆಯೇ ಹತ್ತುತ್ತಿದ್ದೆ. ಹೆಂಡತಿಯ ತಮ್ಮ ದಿನಾ ಬಂದು ನನ್ನ ಊಟ ತಿಂಡಿ ವಿಚಾರಿಸುತ್ತಿದ್ದ. ಅವನಿಗೆ, ಮೊಣಕಾಲಿಗೆ ವ್ಯಾಯಾಮ ಮಾಡಿಸಿಕೊಳ್ಳಲು ಹೋಗುತ್ತೇನೆ ಎಂದಿದ್ದೆ. ನಂಬಿ, ಕಾಲಿಗೆ ಹಚ್ಚಲು ಎಣ್ಣೆ ತಂದುಕೊಟ್ಟ.

ಮೊದಲ ದಿನವೇ ಮೇಡಮ್ ಒಂದು ಮಾತು ಹೇಳಿದ್ದರು. "ಹೊರಗೆಲ್ಲಾದ್ರೂ ಸಿಕ್ಕಿದ್ರೆ ನಾನಾಗಿ ನಿಮ್ಮನ್ನ ಮಾತಾಡಿಸಲ್ಲ. ನೀವು ಮಾತಾಡಿಸಿದ್ರೆ ಮಾತಾಡ್ತೀನಿ. ಬೇಜಾರ್ ಮಾಡ್ಕೋಬೇಡಿ." ನನಗೆ ಬೇಜಾರಾಗಲಿಲ್ಲ, ಸಮಾಧಾನವಾಯಿತು.

ನಾಲ್ಕು ವಾರ ಬರೀ ನಿದ್ದೆಯ ಮಾತಾಡಿದೆ. ಅವರು ಅವಸರ ಮಾಡಲಿಲ್ಲ. ಐದನೇ ವಾರ ಕೆಳಗೆ ಗರಗಸ ಶುರುವಾಯಿತು. ಮಾತು ನಿಲ್ಲಿಸಿದೆ. ಅವರು ಮುಂದಕ್ಕೆ ಬಾಗಿ ಗಟ್ಟಿಯಾಗಿ, "ಈಗ ಹೇಳಿ, ನನಗೆ ಕೇಳ್ಸಲ್ಲ. ಗರಗಸ ನಿಂತ ಮೇಲೆ ಹೇಳ್ಬೇಕು ಅನ್ಸಿದ್ರೆ ಇನ್ನೊಂದ್ಸಲ ಹೇಳಿ" ಎಂದು ಕಿಟಕಿಯ ಕಡೆ ತಿರುಗಿ ಕುಳಿತರು.

ಆ ಸದ್ದಿನಲ್ಲಿ ಹೇಳಿದೆ. ನಿಂತ ಮೇಲೆ ಹೇಳಲಾಗಲಿಲ್ಲ. ಮುಂದಿನ ಗುರುವಾರವೂ ಅದೇ ಹೊತ್ತಿಗೆ ಗರಗಸ ಓಡಿತು. ಅದರ ಮುಂದಿನ ವಾರವೂ. ಆ ಸಲ ಅದು ನಿಂತ ಮೇಲೆ ಇನ್ನೊಮ್ಮೆ ಹೇಳಿದೆ. ಎರಡು ವರ್ಷ ಹಾಸಿಗೆ ಹಿಡಿದ ಹೆಂಡತಿಯನ್ನು ನೋಡಿ, ಒಂದು ಸಂಜೆ, ಬೇಗ ಮುಗಿದರೆ ಸಾಕು ಎಂದುಕೊಂಡಿದ್ದೆ. ನಾಲ್ಕನೇ ದಿನ ಅವಳು ಹೋದಳು.

"ಯಾವ್ದು ಮುಗೀಲಿ ಅಂದ್ಕೊಂಡ್ರಿ? ಅವರ ನೋವಾ, ನಿಮ್ಮ ದಣಿವಾ... ಅವರಾ?"

"ಮೂರೂ" ಎಂದೆ.

ಅವರು ಮುಖ ಸಿಂಡರಿಸಲಿಲ್ಲ. ಹಾಗೆಲ್ಲ ಅನ್ನಬೇಡಿ ಎಂದೂ ಹೇಳಲಿಲ್ಲ. ನೀರಿನ ಲೋಟವನ್ನು ನನ್ನ ಕಡೆ ಸರಿಸಿ, ನನ್ನ ಅಳು ಮುಗಿಯುವವರೆಗೂ ಕುಳಿತಿದ್ದರು. ಆ ದಿನ ಮನೆಗೆ ಬಂದು ನಿದ್ದೆ ಮಾಡಿದೆ.

ಅಂಥವರಿಗೆ ನಾನು ಮಾಡಿದ್ದು ಇದು. ವಿದ್ಯಾರಣ್ಯಪುರದ ಛತ್ರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಭಾವಮೈದ ನನ್ನ ಪಕ್ಕ, ಎದುರು ಸಾಲಿನಲ್ಲಿ ಮೇಡಮ್.

"ಭಾವ, ಅಲ್ನೋಡಿ. ಪ್ಲೈವುಡ್ ಅಂಗಡಿ ಮೇಲೆ ಹುಚ್ಚು ಬಿಡಿಸ್ತಾರಲ್ಲ, ಅವ್ರೇ."

ಸುಮ್ಮನಿದ್ದರೆ ಸಾಕಿತ್ತು. "ಮಾತಾಡೋಕೂ ಡಾಕ್ಟ್ರು ಬೇಕೇನೋ? ಮನೇಲಿ ಜನ ಇಲ್ದೋರು ಹೋಗ್ತಾರೆ ಬಿಡು" ಎಂದು ನಕ್ಕೆ, ಅಕ್ಕಪಕ್ಕದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಪಂಕ್ತಿಯವರೂ ನಕ್ಕರು. ಮೇಡಮ್ ಎಲೆಯಿಂದ ತಲೆ ಎತ್ತಿದರು. ಅವರ ಕಣ್ಣು ನನ್ನ ಮೇಲೆ ಹಾದು, ಎಲ್ಲಿಯೂ ನಿಲ್ಲದೆ, ಬಡಿಸುವವನ ಕಡೆ ಹೋಯಿತು. "ಸ್ವಲ್ಪ ಸಾರು ಹಾಕಪ್ಪ" ಎಂದರು. ಮೊದಲ ದಿನ ಕೊಟ್ಟ ಮಾತನ್ನು ಅವರು ಆಗಲೂ ನಡೆಸಿಕೊಟ್ಟರು.

ಆಮೇಲೆ ನಾನು ಹೋಗಲಿಲ್ಲ. ಗುರುವಾರದ ಹೊತ್ತು ನಿಮಗೇ ಇಟ್ಟಿರುತ್ತೇನೆ ಎಂದು ಒಂದು ಮೆಸೇಜ್ ಬಂತು. ಉತ್ತರ ಬರೆದು ಅಳಿಸಿದೆ... ಮತ್ತೆ ಬರೆಯಲಿಲ್ಲ. ಹೀಗೇ ಒಂದೂವರೆ ವರ್ಷ ಕಳೆಯಿತು.

ಮೊನ್ನೆ ಭಾವಮೈದ, ಅಕ್ಕನ ಸೀರೆಗಳಿಗೆ ಒಂದು ಕಪಾಟು ಮಾಡಿಸೋಣ ಎಂದ. ಯಲಹಂಕದಲ್ಲಿ ಒಳ್ಳೆಯ ಅಂಗಡಿಯಿದೆ ಎಂದು ನಾನು ಹೇಳಿದರೂ ಕೇಳದೆ ಆ ಪ್ಲೈವುಡ್ ಅಂಗಡಿಗೇ ಕರೆದುಕೊಂಡು ಹೋದ. ಮೇಲೆ ಮೇಡಮ್ ಅವರ ಬೋರ್ಡ್ ಇರಲಿಲ್ಲ.

"ಏನ್ ಗುರು, ಹುಚ್ಚು ಬಿಡಿಸೋ ಅಂಗಡಿ ಎತ್ಬಿಟ್ರಾ?" ಎಂದು ಭಾವಮೈದ ಕೇಳಿದ.

"ಹಂಗನ್ಬೇಡಿ ಸಾರ್" ಎಂದ ಅಂಗಡಿಯವನು. "ಮೇಡಮ್ ತೀರ್ಕೊಂಡು ಎಂಟು ತಿಂಗಳಾಯ್ತು. ಒಳ್ಳೇವ್ರು. ಎಲ್ರೂ ಗಲಾಟೆ ನಿಲ್ಸಿ ಅಂತಾರೆ, ಅವ್ರು ಗುರುವಾರ ನಾಲ್ಕೂವರೆಗೆ ಎರಡು ಹಲಗೆ ಕೊಯ್ಯಪ್ಪ ಅನ್ನೋರು. ಯಾರೋ ಒಬ್ರಿಗೆ ಮಾತಾಡೋಕೆ ಆ ಸದ್ದು ಬೇಕು ಅಂತ. ಯಾರು ಅಂತ ಹೇಳ್ಲಿಲ್ಲ. ಆಮೇಲೆ ಆ ಪುಣ್ಯಾತ್ಮ ಬರೋದ್ ಬಿಟ್ನಂತೆ. ಆದ್ರೂ ಒಂದು ತಿಂಗಳು ಕೊಯ್ಸಿದ್ರು, ಬಂದ್ರೆ ಇರ್ಲಿ ಅಂತ."

ನಾನು ಹಲಗೆಯ ಅಂಚನ್ನು ಹಿಡಿದು ನಿಂತೆ. ಕೆಲಸದವರು ನಮ್ಮ ಹಲಗೆಯನ್ನು ಗರಗಸಕ್ಕೆ ಕೊಟ್ಟರು. ಪುಡಿ ಅಂಗಿಯ ಮೇಲೆಲ್ಲ ಹಾರಿತು. ಆ ಸದ್ದಿನಲ್ಲಿ ಹೇಳಿದೆ: "ಅದು ನಾನೇ ಕಣೋ."

ಗರಗಸ ನಿಂತಿತು. "ಏನಂದ್ರಿ ಭಾವ?"

"ಏನಿಲ್ಲ. ಅಳತೆ ನೋಡ್ಕೋ ಅಂದೆ."

ಅವರಿದ್ದಿದ್ದರೆ ಕಿಟಕಿಯ ಕಡೆ ತಿರುಗಿ ಕಾಯುತ್ತಿದ್ದರು. ಇನ್ನು ಕಾಯುವವರಿಲ್ಲ. ಕ್ಷಮೆ ಕೇಳೋಣವೆಂದರೆ ಆ ಮೆಟ್ಟಿಲು ಹತ್ತಿದರೆ ಅಲ್ಲಿ ಯಾರೂ ಇಲ್ಲ.

ಬಡಗಿ ಇವತ್ತು ಕಪಾಟು ಜೋಡಿಸಿ ಹೋದ. ನಾಳೆ ಬೆಳಿಗ್ಗೆ ಭಾವಮೈದ ಬರುತ್ತಾನೆ, ಇಬ್ಬರೂ ಕೂತು ಸೀರೆ ಮಡಚಬೇಕು. ನನ್ನದು ಸದ್ದಿಲ್ಲದ ಮನೆ. ಇಲ್ಲಿ ಏನು ಹೇಳಿದರೂ ಕೇಳಿಸುತ್ತದೆ.