ದೊರೆ ಎದ್ದು ನಿಲ್ಲುವ ತನಕ

ಆಲೂರು ತಾಲ್ಲೂಕಿನ ಮಗ್ಗೆಯ ಪಾರ್ವತಮ್ಮನವರು ತಮ್ಮ ಗಂಡ ಸಾಯುವುದನ್ನು ವರ್ಷಕ್ಕೊಮ್ಮೆ ನೋಡುತ್ತಿದ್ದರು. ಗಂಡ ಸಿದ್ದಯ್ಯನವರು ಗದ್ದೆ, ಒಂದಿಷ್ಟು ಕಾಫಿ ಗಿಡ ಎಂದು ದುಡಿಯುವ, ಮಾತು ಕಡಿಮೆಯ ಮನುಷ್ಯ. ಸುಗ್ಗಿ ಕಳೆದ ಮೇಲೆ ಊರವರು ಆಡುತ್ತಿದ್ದ ‘ಸೂರಪಾಲ ಮಹಾರಾಜ’ ನಾಟಕದಲ್ಲಿ ಮಾತ್ರ ಅವರು ದೊರೆ. ಅದು ಹಳೆಯ ಕಂಪನಿ ನಾಟಕ. ಮಂತ್ರಿಯ ಚಾಡಿ ಮಾತು ನಂಬಿದ ದೊರೆ ತನ್ನ ಒಬ್ಬನೇ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ನಿಜ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಪ್ರಾಣ ಬಿಡುತ್ತಾನೆ.

ಆದರೆ ನಾಟಕ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಬಿದ್ದ ಪರದೆ ಮತ್ತೆ ಏಳಬೇಕು. ಸತ್ತವರೆಲ್ಲ ಎದ್ದು ಸಾಲಾಗಿ ನಿಲ್ಲಬೇಕು. ಹಾರ್ಮೋನಿಯಂ ಮೇಷ್ಟ್ರು ಪರಮಶಿವಯ್ಯನವರು ಮಂಗಳ ಹಾಡಬೇಕು, ದೊರೆಯ ಪಾತ್ರ ಮಾಡಿದವನ ಮನೆಯಾಕೆ ಆರತಿ ಬೆಳಗಬೇಕು. ದೊರೆ ಆರತಿಗೆ ಕೈಯೊಡ್ಡುವ ತನಕ ಒಬ್ಬರೂ ಚಾಪೆ ಬಿಟ್ಟು ಏಳುತ್ತಿರಲಿಲ್ಲ.

ಸಿದ್ದಯ್ಯನವರಿಗಿಂತ ಮುಂಚೆ ದೊರೆಯಾಗಿದ್ದವರು ಗುಂಡಯ್ಯ. ಒಂದು ವರ್ಷ ಸಾಯುವ ದೃಶ್ಯದಲ್ಲಿಯೇ ಮಳೆ ಹೊಡೆದು, ಮಂಗಳವಿಲ್ಲದೆ ಜನ ಚದುರಿದರು. ವರ್ಷ ತುಂಬುವ ಮೊದಲೇ ಗುಂಡಯ್ಯ ತೀರಿಕೊಂಡರು. ಅವರಿಗೆ ಕಾಯಿಲೆ ಮೊದಲಿನಿಂದಲೂ ಇತ್ತೆಂದು ತಿಳಿದವರು ಹೇಳಿದರು. ಪಾರ್ವತಮ್ಮ ಆ ಮಾತಿಗೆ ಎದುರಾಡಲಿಲ್ಲ, ಒಪ್ಪಲೂ ಇಲ್ಲ.

ತೊಂಬತ್ತೆಂಟರ ಕಾರ್ತಿಕದಲ್ಲಿ ದಯಾನಂದ ಎಂಬ ಸಿನಿಮಾ ನಿರ್ದೇಶಕರು ಸಿದ್ದಯ್ಯನವರ ಮನೆಗೆ ಬಂದರು. ಚಿಕ್ಕಂದಿನಲ್ಲಿ ಅಜ್ಜಿಯ ಊರಾದ ಮಗ್ಗೆಗೆ ಬಂದಾಗ ಈ ನಾಟಕ ನೋಡಿ ಅತ್ತಿದ್ದರಂತೆ. ಆನೆ, ಕುದುರೆ, ಗುಡ್ಡದ ತುಂಬ ಸೈನ್ಯ ನಿಲ್ಲಿಸಿ ಅದನ್ನು ದೊಡ್ಡ ಚಿತ್ರ ಮಾಡುವುದಾಗಿ ಹೇಳಿದರು. ದೊರೆಯಾಗಿ ಸಿದ್ದಯ್ಯನವರೇ ಬೇಕು.

ಕಾಫಿ ತಂದಿಟ್ಟ ಪಾರ್ವತಮ್ಮ ಕೇಳಿದರು. “ಸಿನಿಮಾದಾಗೂ ದೊರೆ ಸಾಯ್ತಾನಾ?”

“ಸಾಯ್ಲೇಬೇಕಲ್ಲಮ್ಮ.”

“ಆಮೇಲೆ ಎದ್ದೇಳ್ತಾನಾ?”

ದಯಾನಂದರು ಕಾಫಿ ಲೋಟ ಕೆಳಗಿಟ್ಟರು. “ಸಿನಿಮಾದಲ್ಲಿ ಹಾಗೆ ಮಾಡಿದ್ರೆ ಜನ ನಗ್ತಾರಮ್ಮ” ಎಂದರು.

“ನಮ್ಮೂರಾಗೆ ಒಬ್ರೂ ನಕ್ಕಿಲ್ಲಪ್ಪ. ಇವ್ರು ಬರಲ್ಲ ಬಿಡಿ.”

ಸಿದ್ದಯ್ಯನವರು ದಯಾನಂದರನ್ನು ರಸ್ತೆಯ ತನಕ ಕಳಿಸಿ ಬಂದರು. ಸಂಜೆ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಾ, “ಪಾರ್ವತಿ, ನಂದು ಮಂಡಿ ಹೋಗ್ಬುಟ್ಟೈತೆ. ಇನ್ನೆರಡು ವರ್ಷ ಕಳೆದ್ರೆ ನಾಟಕದಾಗೆ ನಿಲ್ಲಕ್ಕಾಗಲ್ಲ. ಇದ್ರಾಗಾದ್ರೂ ದೊರೆ ಉಳೀಲಿ ಕಣೇ” ಎಂದರು. ಗಂಡ ಇಷ್ಟುದ್ದ ಮಾತನಾಡಿದ್ದು ಅಪರೂಪ. ಆರತಿ ತಟ್ಟೆ ಹಿಡಿದು ತಾನೂ ಜೊತೆಗೆ ಬರುವುದೆಂದು ಪಾರ್ವತಮ್ಮ ಒಪ್ಪಿದರು.

ಯಸಳೂರಿನಾಚೆಯ ಹುಲ್ಲುಗುಡ್ಡದ ಮೇಲೆ ಚಿತ್ರೀಕರಣ ನಡೆಯಿತು. ಸುತ್ತಲ ಎಸ್ಟೇಟ್‌ಗಳ ಲೈನ್ ಮನೆಗಳಿಂದ ಬಂದ ಆಳುಗಳೇ ಸೈನಿಕರು. ತೋಟದ ಲೆಕ್ಕ ಬರೆಯುವ ರೈಟರ್ ಕಾಫಿ ಕೊಯ್ಲಿಗೆ ಹಾಜರಿ ಕೂಗುವ ಹಾಗೆಯೇ ಸೈನ್ಯದ ಹಾಜರಿ ಕೂಗಿದ. ಗುಡ್ಡಕ್ಕೆ ಮಂಜು ಚೆನ್ನಾಗಿ ಕವಿದಿದೆಯೆಂದು ಮೊದಲ ದಿನವೇ ದೊರೆಯ ಸಾವನ್ನು ಇಟ್ಟುಕೊಂಡರು.

“ಇದೇನ್ರೀ, ಬಂದ ದಿನಾನೇ ಸಾಯ್ಸ್ತಾರೆ!” ಎಂದು ಪಾರ್ವತಮ್ಮ ಜೊತೆಗೆ ಬಂದಿದ್ದ ಹಾರ್ಮೋನಿಯಂ ಮೇಷ್ಟ್ರು ಪರಮಶಿವಯ್ಯನವರ ಮುಖ ನೋಡಿದರು.

ಹುಲ್ಲಿನ ಮೇಲೆ ಸಿದ್ದಯ್ಯನವರು ಒರಗಿದರು. ಸೈನಿಕರು ಈಟಿಗಳನ್ನು ನೆಲಕ್ಕಿಳಿಸಿದರು. ಹೇಳಿಕೊಡದಿದ್ದರೂ ಪ್ರಜೆಗಳಾಗಿ ನಿಂತಿದ್ದ ಕೆಲವು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಾರ್ವತಮ್ಮ ತಟ್ಟೆ ಹಿಡಿದು ಎದ್ದರು. ಅಷ್ಟರಲ್ಲಿ ‘ಪ್ಯಾಕಪ್’ ಎಂದು ಯಾರೋ ಕೂಗಿದರು. ಎಲ್ಲರೂ ಜೀಪುಗಳ ಕಡೆಗೆ ನಡೆದರು.

ಆಕೆಯ ಮುಖ ಕಂಡು ದಯಾನಂದರೇ ಓಡಿ ಬಂದರು. “ಅಮ್ಮಾ, ಇವತ್ತು ಸತ್ತರು, ಸರಿ. ನಾಳೆ ಬೆಳಿಗ್ಗೆ ಇವರಿಗೇ ಪಟ್ಟಾಭಿಷೇಕ. ಅದಕ್ಕಿಂತ ದೊಡ್ಡದಾಗಿ ಏಳೋದು ಇನ್ನು ಯಾವುದಿದೆ ಹೇಳಿ?”

ಹೇಳಿದಂತೆ ಮರುದಿನ ದೊರೆ ಕಿರೀಟವಿಟ್ಟು ಆನೆ ಹತ್ತಿದರು. “ಸತ್ತ ಮ್ಯಾಲೆ ಪಟ್ಟಕ್ಕೆ ಬಂದೋನು ನೀನೊಬ್ನೇ ಕಣೋ ಮಾರಾಯ!” ಎಂದು ಪರಮಶಿವಯ್ಯ ಕೂಗಿದಾಗ ಪಾರ್ವತಮ್ಮನೂ ನಕ್ಕರು. ತಟ್ಟೆ ಚೀಲ ಸೇರಿತು. ಮಿಕ್ಕ ದಿನಗಳಲ್ಲಿ ಆಕೆ ಬುತ್ತಿ ಮಾತ್ರ ತಂದರು. ಚಿತ್ರೀಕರಣ ನಡೆದ ಕ್ರಮದಲ್ಲಿಯೇ ಎಲ್ಲವೂ ಪರದೆಯ ಮೇಲೂ ಬರುತ್ತದೆಂದು ಊರಿನವರೆಲ್ಲ ನಂಬಿದ್ದರು.

ಮುಂದಿನ ವರ್ಷ ಚಿತ್ರ ಸಕಲೇಶಪುರದ ಟಾಕೀಸಿಗೆ ಬಂತು. ಮೊದಲ ದಿನದ ಬೆಳಗಿನ ಆಟಕ್ಕೆ ಮಗ್ಗೆಯ ಅರ್ಧ ಊರು ಹೊರಟಿತು. ಗೇಟ್ ಕಾಯುವ ಜವರಪ್ಪ ಪರದೆಗೆ ಹೂವು ಹಾಕಿ, ಕಾಯಿ ಒಡೆದು, ಪೂಜೆಯ ತಟ್ಟೆಯನ್ನು ಪರದೆಯ ಕೆಳಗಿಟ್ಟ. ಆಟ ಶುರುವಾಯಿತು.

ಪಟ್ಟಾಭಿಷೇಕ ಮೊದಲೇ ಬಂದುಹೋಯಿತು. ಪಾರ್ವತಮ್ಮ ಗಂಡನ ತೋಳು ಹಿಡಿದರು. “ಇದೇನ್ರೀ, ಹಿಂದುಮುಂದು ಮಾಡ್ಬುಟ್ಟವ್ರೆ?” ಕೊನೆಗೆ ಆ ಹುಲ್ಲುಗುಡ್ಡ ಬಂತು. ಮಗನ ತಲೆಯ ಮೇಲೆ ಕೈಯಿಟ್ಟು ದೊರೆ ಒರಗಿದ. ಎಲ್ಲವನ್ನೂ ಮಂಜು ಮುಚ್ಚಿತು. ಪರದೆ ಬರಿದಾಗಿ ದೀಪಗಳು ಹತ್ತಿಕೊಂಡವು.

ಪೇಟೆಯವರು ಎದ್ದು ಹೊರಟರು. ಮಗ್ಗೆಯವರು ಕುಳಿತೇ ಇದ್ದರು. ಬರಿಯ ಪರದೆಯನ್ನೇ ನೋಡುತ್ತಿದ್ದರು.

“ಏಳ್ರಪ್ಪೋ, ಮುಗೀತು!” ಎಂದು ಜವರಪ್ಪ ಬಾಗಿಲು ಬಡಿದ.

“ಎದ್ದೇಳಿ” ಎಂದರು ಪಾರ್ವತಮ್ಮ ಗಂಡನಿಗೆ.

“ನಾನಿಲ್ಲೇ ಕುಂತಿದೀನಲ್ಲೇ. ನಂಗೇನಾಗೈತೆ?”

“ನೀವು ಇಲ್ಲಿ ಕುಂತಿದೀರ. ದೊರೆ ಅಲ್ಲಿ ಬಿದ್ದವ್ರೆ. ಹೋಗ್ರೀ.”

ಸಿದ್ದಯ್ಯನವರು ಹೆಗಲ ಟವೆಲ್ ಸರಿಮಾಡಿಕೊಂಡು, ಮಂಡಿಯ ಮೇಲೆ ಕೈಯೂರಿ ಎದ್ದರು. ಮೆಲ್ಲಗೆ ನಡೆದು ಪರದೆಗೆ ಬೆನ್ನು ಕೊಟ್ಟು, ಜನರ ಕಡೆ ಮುಖ ಮಾಡಿ ನಿಂತರು. ಪಾರ್ವತಮ್ಮ ಪೂಜೆಯ ತಟ್ಟೆಯಲ್ಲಿ ಉಳಿದಿದ್ದ ಕರ್ಪೂರ ಹಚ್ಚಿದರು. ಹಾರ್ಮೋನಿಯಂ ಇಲ್ಲದೆಯೇ ಪರಮಶಿವಯ್ಯ ಮಂಗಳ ಎತ್ತಿಕೊಂಡರು. ದೊರೆ ಆರತಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು. ಆಗ ಊರು ಎದ್ದಿತು.

ಹೊರಗೆ ಬಂದ ಪಾರ್ವತಮ್ಮ ಬಾಗಿಲಲ್ಲಿ ನಿಂತು ಜವರಪ್ಪನನ್ನು ಕೇಳಿದರು. “ಮಧ್ಯಾಹ್ನದ ಆಟದಾಗೂ ಸಾಯ್ತಾರೇನಪ್ಪಾ?”

“ದಿನಾ ನಾಕು ಸಲ ಸಾಯ್ತಾರೆ ಕಣವ್ವ. ಜನ ಬಂದಷ್ಟು ದಿನಾನೂ ಸಾಯ್ತಾರೆ.”

ಆಕೆ ರಸ್ತೆ ದಾಟಿ ಅಂಗಡಿಗೆ ಹೋದರು. ದೊಡ್ಡ ಕರ್ಪೂರದ ಪೊಟ್ಟಣವೊಂದನ್ನು ತಂದು ಅವನ ಕೈಗಿಟ್ಟರು. “ಆಟ ಮುಗಿದ ಮ್ಯಾಲೆ ಒಂದೊಂದು ತುಂಡು ಹಚ್ಚಪ್ಪ. ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಜವರಪ್ಪ ನಗಲು ಬಾಯಿ ತೆರೆದ. ಆಕೆಯ ಮುಖ ನೋಡಿ ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಊರಿನವರು ಸಿಕ್ಕ ಬಸ್ಸು ಹತ್ತಿದರು. ಗಂಡ ಹೆಂಡತಿ ಮಾತ್ರ ಟಾಕೀಸಿನೆದುರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತರು. “ಅವ್ನು ಹಚ್ತಾನೇನೇ?” ಎಂದು ಸಿದ್ದಯ್ಯನವರು ಒಮ್ಮೆ ಕೇಳಿದರು. ಪಾರ್ವತಮ್ಮ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

ಇಳಿಬಿಸಿಲಿನಲ್ಲಿ ಬಾಗಿಲು ತೆರೆಯಿತು. ಜನ ಹೊರಗೆ ಬಂದು ಚದುರಿದರು. ಅವರ ಹಿಂದಿನಿಂದ, ಖಾಲಿಯಾದ ಟಾಕೀಸಿನ ಕತ್ತಲೊಳಗಿಂದ, ಕರ್ಪೂರದ ಘಮ ಮೆಲ್ಲಗೆ ರಸ್ತೆಗೆ ಬಂತು.

ಪಾರ್ವತಮ್ಮ ಸೆರಗು ಕೊಡವಿ ಎದ್ದರು.

“ನಡೀರಿ. ಮಗ್ಗೆ ಬಸ್ಸು ಹೋಗ್ಬುಡ್ತದೆ.”