ಟೆಸ್ಟಿಂಗ್ ಅಕ್ಕ ‘ಆತು’ ಅನ್ನಲಿಲ್ಲ

ಅಕ್ಕನ ಬಲಗೈಯ ತೋರುಬೆರಳು ತುದಿಯಲ್ಲಿ ಎಡಕ್ಕೆ ವಾಲಿತ್ತು. ಸಣ್ಣವರಿದ್ದಾಗ ಮೇವು ಕತ್ತರಿಸುವ ಮಷಿನ್ನಿಗೆ ಸಿಕ್ಕಿತ್ತಂತೆ. ಅದರಿಂದ ಕಂಪ್ಯೂಟರ್ ಪರದೆಯ ಮೇಲೆ ತಪ್ಪು ತೋರಿಸಿದರೆ, ಪಕ್ಕದ ಇನ್ನಾವುದನ್ನೋ ತೋರಿಸಿದಂತೆ ಕಾಣುತ್ತಿತ್ತು. ಪ್ರೋಗ್ರಾಮ್ ಬರೆಯುವವರು ಅಲ್ಲೇ ನೋಡಿ, “ಇಲ್ಲೇನೂ ತಪ್ಪಿಲ್ಲಲ್ರಿ ಅಕ್ಕಾ” ಅನ್ನುತ್ತಿದ್ದರು.

“ಸೊಟ್ಟ ಬೆರಳ ನಂದು, ಸೊಟ್ಟ ಪ್ರೋಗ್ರಾಮ್ ನಿಮ್ಮದು. ಸ್ವಲ್ಪ ಬಲಕ್ಕ ನೋಡ್ರೆಪಾ” ಎಂದು ಅವರು ನಗದೇ ಹೇಳುವರು.

ಗೋಕಾಕದ ನಮ್ಮ ಮನೆಯ ಕೆಳಗಿನ ಕೋಣೆಗಳಲ್ಲೇ ನನ್ನ ಗಂಡನ ಸಾಫ್ಟ್‌ವೇರ್ ಆಫೀಸು. ದವಾಖಾನೆ, ಹಾಲಿನ ಡೈರಿಗಳಿಗೆ ಬೇಕಾದ ಪ್ರೋಗ್ರಾಮ್ ಮಾಡಿಕೊಡುತ್ತಾರೆ. ಮೇಲೆ ನಾನು, ನನ್ನ ಅಡಿಗೆ, ನನ್ನ ಲಿಂಗಪೂಜೆ. ಪುಣೆಯ ದೊಡ್ಡ ಕಂಪನಿಯೊಂದರಲ್ಲಿದ್ದ ಅಕ್ಕ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಗೋಕಾಕದ ಗಂಡನ ಮನೆಗೆ ಬಂದವರು ನಮ್ಮಲ್ಲಿ ಕೆಲಸಕ್ಕೆ ಸೇರಿದ್ದರು. ಯಾವುದೇ ಪ್ರೋಗ್ರಾಮ್ ಹೊರಗೆ ಹೋಗುವ ಮೊದಲು ಅದನ್ನು ಪರೀಕ್ಷಿಸುವುದು ಅವರ ಕೆಲಸ. ಎಲ್ಲರ ಬಾಯಲ್ಲೂ ಅವರು ಟೆಸ್ಟಿಂಗ್ ಅಕ್ಕ.

ಮಾಡಿದವರೇ ನೋಡಿಕೊಳ್ಳಬಾರದೇ, ಅದಕ್ಕೊಬ್ಬರು ಬೇರೆ ಯಾಕೆ ಎಂದು ಒಮ್ಮೆ ಚಹಾ ಕೊಡುವಾಗ ಕೇಳಿಯೇಬಿಟ್ಟೆ. ಅತ್ತಿಗೆ ಎಂಬ ಸಲುಗೆಯಿಂದ ಅವರು ನನ್ನನ್ನು ‘ವೈನಿ’ ಅನ್ನುತ್ತಿದ್ದರು.

“ವೈನಿ, ನಿಮ್ಮ ಸಾರಿನ ಉಪ್ಪ ನಿಮಗ ಗೊತ್ತಾಗೂದಿಲ್ಲ. ಬೀಗರು ಉಂಡ್ರ ಗೊತ್ತಾಕ್ಕತಿ.”

“ನಮ್ಮ ಬೀಗರು ಉಪ್ಪ ಹುಡುಕಾಕನ ಬರ್ತಾರ್ರಿ.”

“ಅಂಥಾ ಬೀಗತಿ ನಾನು!”

ಖರೆ, ಹಾಗೆಯೇ ಇದ್ದರು. ವಯಸ್ಸಿನ ಜಾಗದಲ್ಲಿ ಊರ ಹೆಸರು ಬರೆಯುವರು. ಒಂದೇ ಗುಂಡಿಯನ್ನು ಎರಡೆರಡು ಸಲ ಒತ್ತುವರು. ಅರ್ಧ ತುಂಬಿಸಿ ನೆಟ್ ತೆಗೆದುಬಿಡುವರು. ಒಂದು ಕಡೆ ರಿಪೇರಿ ಮಾಡಿದರೆ, ನಿನ್ನೆ ಸರಿಯಿದ್ದದ್ದು ಇವತ್ತೂ ಸರಿಯಿದೆಯೇ ಎಂದು ಮತ್ತೆ ಮೊದಲಿನಿಂದ ನೋಡುವರು. ದಿನಾ ಮಾಡಲೇಬೇಕಾದ ಪರೀಕ್ಷೆಗಳನ್ನು ಮಷಿನ್ನೇ ಮಾಡಿಕೊಳ್ಳುವಂತೆ ಬರೆದಿಟ್ಟಿದ್ದರು. ಎಲ್ಲ ಸರಿಯಿದ್ದರೆ ಪರದೆ ಹಸಿರಾಗುತ್ತಿತ್ತು. ಅದಾದ ಮೇಲೂ ಕಂಪ್ಯೂಟರ್ ತಿಳಿಯದ ಯಾರನ್ನಾದರೂ ಕೂರಿಸಿ ನೋಡದೆ ‘ಆತು’ ಅನ್ನುತ್ತಿರಲಿಲ್ಲ. ಅವರು ‘ಆತು’ ಅನ್ನದೆ ಯಾವುದೂ ಆಫೀಸಿನ ಹೊಸ್ತಿಲು ದಾಟುವಂತಿರಲಿಲ್ಲ.

ಹುಕ್ಕೇರಿಯ ಒಂದು ಹೆರಿಗೆ ದವಾಖಾನೆಯ ಕೆಲಸ ಬಂದಿತ್ತು. ಅಷ್ಟು ದೊಡ್ಡ ಕೆಲಸ ನಮ್ಮವರಿಗೆ ಅದೇ ಮೊದಲು. ಮರುದಿನ ಮುಂಜಾನೆ ಪೂಜೆ ಮಾಡಿ ಪ್ರೋಗ್ರಾಮ್ ಸುರು ಮಾಡುವುದೆಂದು ಡಾಕ್ಟರು ಊರಿಗೆಲ್ಲ ಹೇಳಿದ್ದರು. ಆ ಮಧ್ಯಾಹ್ನ ಪರದೆ ಹಸಿರಾಗಿತ್ತು. ನಮ್ಮವರು ವೈರುಗಳನ್ನು ಬ್ಯಾಗಿಗೆ ತುಂಬುತ್ತಿದ್ದರು. ಅಕ್ಕ ನನ್ನನ್ನು ಕರೆದರು.

“ವೈನಿ, ಒಂದ ಸಲ ಪೇಷಂಟ್ ಆಗ್ರಿ.”

ಕೈ ಒರೆಸಿಕೊಂಡು ಕೂತೆ. ಹೆಸರು, ಮನೆಯವರ ಫೋನ್ ನಂಬರು ಹಾಕಿದೆ. ನನಗೆ ಒಂದು ಬಗೆಯ ಇಂಜೆಕ್ಷನ್ ಆಗಿಬರುವುದಿಲ್ಲ, ಅದನ್ನೂ ಬರೆದೆ. ಮೇಲ್ಗಡೆ ಎಚ್ಚರಿಕೆಯ ಕೆಂಪು ಪಟ್ಟಿ ಬಂತು.

“ಚಲೋ ಆತು. ಈಗ ಬಾಣಂತನಕ್ಕ ತವರಿಗೆ ಹೋಗೀರಿ ಅಂತ ತಿಳೀರಿ. ಅವ್ವನ ಜೋಡಿ ಅದ ದವಾಖಾನಿಗೆ ಬಂದೀರಿ. ಮತ್ತೊಮ್ಮೆ ಹಚ್ಚ್ರಿ ಹೆಸರ.”

ಹಚ್ಚಿದೆ. ಫೋನ್ ನಂಬರು ಅವ್ವನದು. ಪರದೆ ನನ್ನನ್ನು ಹೊಸ ರೋಗಿ ಎಂದಿತು. ಕೆಂಪು ಪಟ್ಟಿ ಇರಲಿಲ್ಲ. ಅದರ ಜಾಗ ಬೆಳ್ಳಗಿತ್ತು.

“ಹೆಸರ ಯಾಕ್ ಬ್ಯಾರೆ ಬರದ್ರಿ?”

“ಅವ್ವ ಹಂಗ ಕರೀತಾಳ್ರಿ.”

ನಮ್ಮ ಕಡೆ ಲಗ್ನದ ದಿನ ಗಂಡನ ಮನೆಯವರು ಸೊಸೆಗೆ ಹೊಸ ಹೆಸರು ಇಡುತ್ತಾರೆ. ತವರಿನಲ್ಲಿ ಹಳೆಯ ಹೆಸರೇ ನಡೆಯುತ್ತದೆ. ಚೊಚ್ಚಲ ಹೆರಿಗೆಗೆ ಹೋಗುವುದು ತವರಿಗೇ. ಇದು ನಮಗೆಲ್ಲ ಎಷ್ಟು ಗೊತ್ತಿತ್ತೆಂದರೆ, ಪ್ರೋಗ್ರಾಮಿಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಕ್ಕ ಕುರ್ಚಿಗೆ ಒರಗಿದರು. ಮುಖ ಕಪ್ಪಿಟ್ಟಿತ್ತು. “ನನಗೂ ಹೊಳೀಲಿಲ್ಲ ನೋಡ್ರಿ ವೈನಿ. ಈ ಬಿಳೀ ಜಾಗ ನೋಡಿ ನರ್ಸ್ ಇಂಜೆಕ್ಷನ್ ಕೊಟ್ಟಬಿಡ್ತಾಳ.”

ಪರದೆಯ ಮೇಲಿದ್ದವಳು ನಾನೇ.

ನಮ್ಮವರು ಕೇಳಿದ್ದೇ ಬ್ಯಾಗು ಕುಕ್ಕಿದರು. “ಎಲ್ಲಾ ಹಸಿರ ಐತಲ್ರಿ ಅಕ್ಕಾ! ಈಗ ಏನ್ ಹೊಸಾದು?”

“ನಾವು ಕೇಳಿದ್ದಷ್ಟ ಹೇಳ್ತೈತ್ರಿ ಮಷಿನ್ನು. ಅದಕ್ಕೇನು ತವರಮನಿ ಐತೇನ್ರಿ?”

“ನಾಳೆ ಸುರು ಮಾಡೂಣು. ಆಮ್ಯಾಲೆ ಸರಿ ಮಾಡಿದ್ರಾತು.”

“ನಾ ಆತು ಅನ್ನಾಂಗಿಲ್ಲ.”

“ಕೆಲಸ ಹೋಕ್ಕತ್ರಿ! ಈ ಬಾಗಲಾ ಹಾಕಬೇಕಾಕ್ಕತಿ!”

“ಹೋಗ್ಲಿ.”

ನಾನು ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲೇ ನಿಂತೆ. ಅಕ್ಕ ಡಾಕ್ಟರಿಗೆ ತಾವೇ ಫೋನ್ ಹಚ್ಚಿದರು. ಡಾಕ್ಟರ ದನಿ ಕೋಣೆಗೆಲ್ಲ ಕೇಳಿಸಿತು.

“ಕಾರ್ಡ್ ಹಂಚೀನ್ರಿ ನಾನು! ಹುಡುಗಾಟಕಿ ಮಾಡ್ತೀರೇನು?”

“ಬೈಯಾಕ ಆಮ್ಯಾಲೆ ಟೈಮ್ ಕೊಡ್ತೇನ್ರಿ ಡಾಕ್ಟರ್. ಮೊದಲ ನಿಮ್ಮ ವಾರ್ಡಿಗೆ ಹೋಗ್ರಿ. ಯಾವದರೆ ಒಬ್ಬ ಬಾಣಂತಿ ಹೆಸರ ಅಕಿ ಅವ್ವಗ ಕೇಳ್ರಿ. ಆಮ್ಯಾಲೆ ಗಂಡಗ ಕೇಳ್ರಿ.”

ಫೋನು ಕಟ್ಟಾಯಿತು. ಸಿಟ್ಟಿನಿಂದ ಇಟ್ಟರೋ, ಕೇಳಲು ಹೋದರೋ ತಿಳಿಯಲಿಲ್ಲ. ನಮ್ಮವರು ಗೋಡೆ ಕಡೆ ಮುಖ ಮಾಡಿ ಕೂತರು. ಮೇಲೆ ಒಲೆಯ ಮೇಲಿಟ್ಟ ಹಾಲು ಉಕ್ಕುವ ವಾಸನೆ ಬಂತು, ಆದರೂ ನಾನು ಬಾಗಿಲು ಬಿಟ್ಟು ಹೋಗಲಿಲ್ಲ. ಕಡೆಗೆ ಫೋನು ಬಡಿದುಕೊಂಡಿತು.

“ಎರಡ ಹೆಸರ ಹೇಳಿದ್ರು,” ಡಾಕ್ಟರ ದನಿ ಇಳಿದಿತ್ತು. “ಕೇಳಿದ ಮೂರೂ ಮಂದಿದು ಎರಡೆರಡ. ಯಾವಾಗ ಆಕ್ಕತ್ರಿ ಸರಿ?”

ನಮ್ಮವರು “ಎರಡ ದಿನ” ಎನ್ನಲು ಬಾಯಿ ತೆಗೆದರು. ಅಕ್ಕ ಕೈ ಅಡ್ಡ ಹಿಡಿದರು. “ನೋಡಿ ಹೇಳ್ತೇವ್ರಿ.”

ಕೆಲಸ ಉಳಿಯಿತು, ದೇವರು ದೊಡ್ಡವನು. ಸುಟ್ಟದ್ದು ಒಂದು ಪಾತೇಲಿ ಹಾಲು ಮಾತ್ರ. ಕೆಲಸ ಮುಗಿಯಲು ಬಹಳ ದಿನ ಹಿಡಿಯಿತು. ಆ ಒಂದು ಹೆಸರಿಗಾಗಿ ಉಳಿದದ್ದನ್ನೆಲ್ಲ ಅಕ್ಕ ಮತ್ತೆ ಪರೀಕ್ಷೆ ಮಾಡಿಸಿದರು. ಅದೇ ಡಾಕ್ಟರು ಮುಂದೆ ಮೂಡಲಗಿಯ ತಮ್ಮ ಗೆಳೆಯರಿಗೆ ನಮ್ಮವರ ಹೆಸರು ಹೇಳಿದರು. “ನನಗ ಇಲ್ಲ ಅಂದ ಮಂದಿ ಇವರು, ಇವರ ಕಡೆ ಮಾಡಸ್ರಿ” ಎಂದಿದ್ದರಂತೆ. ಇವತ್ತು ನಾವು ಉಣ್ಣುವ ರೊಟ್ಟಿಯಲ್ಲಿ ಆ ‘ಇಲ್ಲ’ ಇದೆ.

ಕಳೆದ ವರ್ಷ ಅಕ್ಕನಿಗೆ ಹೃದಯದ ಬೇನೆ ಸುರುವಾಯಿತು. ವಿಶ್ರಾಂತಿಗೆಂದು ಯಮಕನಮರಡಿಯ ತವರಿಗೆ ಹೋಗಿದ್ದರು. ನಾನು ಮಾತಾಡಿಸಲು ಹೋದ ದಿನವೇ ಅವರಿಗೆ ದಮ್ಮು ಹತ್ತಿ, ಹುಕ್ಕೇರಿಗೆ ಅದೇ ಡಾಕ್ಟರ ಹತ್ತಿರ ಕರೆದೊಯ್ದೆವು. ಗುರುತಿನವರೆಂದು ಮೊದಲು ಅಲ್ಲಿಗೇ. ಕೌಂಟರಿನಲ್ಲಿದ್ದ ಹೆಣ್ಣುಮಗಳಿಗೆ ಇವರು ಯಾರೆಂದು ಗೊತ್ತಿರಲಿಲ್ಲ. ಪರದೆ ನೋಡುತ್ತಾ ಕೇಳಿದಳು: “ಅಜ್ಜಿ, ತವರಮನಿ ಹೆಸರ ಬ್ಯಾರೆ ಇತ್ತೇನ್ರಿ?”

ಆ ಏದುಸಿರಿನಲ್ಲೂ ಅಕ್ಕ ನನ್ನ ಕಡೆ ತಿರುಗಿದರು. “ಕೇಳ್ತೈತಿ ನೋಡ್ರಿ ವೈನಿ.” ಆಮೇಲೆ ಅವಳಿಗೆ, “ಅಜ್ಜಿ ಅನಬ್ಯಾಡವಾ, ಅದೊಂದ ತಪ್ಪ ಐತಿ” ಎಂದು, ತಮ್ಮ ತವರಿನ ಹೆಸರು ಹೇಳಿದರು. ಅಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಅಲ್ಲೇ ಹೋಗಿಬಿಟ್ಟರು. ನೋವು ಬಹಳ ಇರಲಿಲ್ಲ ಅಂದರು, ಅಷ್ಟೇ ಸಮಾಧಾನ.

ಮುಂಜಾನೆ ಪೂಜೆಗೆ ಕೂತಾಗ ಅವರನ್ನು ನೆನೆಯುತ್ತೇನೆ. ದೇವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎರಡೂ ಹೆಸರು ಹೇಳುತ್ತೇನೆ.