ಪೂಜೆಯಾದ ಪಾಸ್‌ವರ್ಡ್

ಹೊನ್ನಾಳಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ಹಂಚಿಕೊಂಡು ಬಳಸುವ ಕಂಪ್ಯೂಟರುಗಳೆಲ್ಲ ಲಿನಕ್ಸ್‌ನವು; ಒಬ್ಬೊಬ್ಬರಿಗೂ ಅದರಲ್ಲಿ ಬೇರೆ ಬೇರೆ ಖಾತೆ. ಅವತ್ತು ಮಧ್ಯಾಹ್ನದೊಳಗೆ ಕಾರ್ಯಕ್ರಮದ ಆಹ್ವಾನಪತ್ರಿಕೆ ಪ್ರಿಂಟಿಗೆ ಹೋಗಬೇಕಿತ್ತು, ಪರದೆ ಮೇಲೆ ನೋಡಿದರೆ ಕನ್ನಡವೆಲ್ಲ ಬರೀ ಚೌಕ ಚೌಕ. ಎಲ್ಲರ ಖಾತೆಗೂ ಸೇರಿ ಕನ್ನಡ ಫಾಂಟ್ ಹಾಕಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೊಡು ಅಂತ ಹಟ ಹಿಡಿಯಿತು.

"ನಂಗೆ ನೆಪ್ಪಿಲ್ಲ, ಮಿಷನ್ ಮ್ಯಾಲೇ ಚೀಟಿ ಅಂಟಿಸೈತೆ, ನೋಡ್ರಿ ಮೇಡಂ," ಅಂದರು ಲ್ಯಾಬ್ ನೋಡಿಕೊಳ್ಳುವ ಸಿದ್ದಪ್ಪನವರು.

ಚೀಟಿಯೇನೋ ಇತ್ತು. ಆಯುಧಪೂಜೆಗೆ ಬಳಿದ ಮೂರು ಪಟ್ಟೆ ವಿಭೂತಿಯಡಿ ಒಂದಕ್ಷರವೂ ಕಾಣದು. ಕರವಸ್ತ್ರ ತೆಗೆದೆ.

"ಪೂಜೆ ಮಾಡಿದ್ದನ್ನ ಒರೆಸಾಕೆ ಹೋಗ್ಬ್ಯಾಡ್ರಿ! ಅದನ್ನ ತೊಳಿಯೋದು ಮುಂದಿನ ಪೂಜೆಗೇ."

ಕರವಸ್ತ್ರ ಮಡಿಸಿಟ್ಟು, ಫಾಂಟನ್ನು ನನ್ನ ಖಾತೆಯ ಫೋಲ್ಡರಿನೊಳಗೇ ಹಾಕಿಕೊಂಡೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಚೌಕಗಳೆಲ್ಲ ಅಕ್ಷರಗಳಾದವು.

ಸಿದ್ದಪ್ಪನವರ ಮುಖ ಸಣ್ಣದಾಯಿತು. "ನಮ್ಮನ್ನ ಕೇಳದೇನೇ ಹೆಂಗೆ ಹಾಕಿದ್ರಿ?"

"ನಮ್ಮನೆ ಒಳಗೆ ಮಂಚ ಹಾಕ್ಕಳಾಕೆ ಊರಗೌಡ್ರನ್ನ ಕೇಳ್ತೀವೇನ್ರಿ?" ಅಂದೆ.

ಅವರು ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದು ನೀರಿನಲ್ಲಿ ತೇಯ್ದು, "ಹೊಸಾದು ಹಾಕಿದ ಮ್ಯಾಲೆ ಪೂಜೆ ಆಗಬೇಕಲ್ರಿ," ಅಂತ ಆ ಕಂಪ್ಯೂಟರ್ ಆನ್ ಮಾಡುವ ಗುಂಡಿಯ ಮೇಲೇ ಮೂರು ಪಟ್ಟೆ ಎಳೆದರು.

ಆ ಪಟ್ಟೆಯನ್ನು ನಾವು ಮುಟ್ಟಿ ಅಳಿಸುವಂತಿಲ್ಲ; ಈಗ ಅದನ್ನು ಆನ್ ಮಾಡಲಿಕ್ಕೂ ಅವರನ್ನೇ ಕರೆಯಬೇಕು.